ಡಿಗ್ರಿ ಎರಡನೇ ವರ್ಷದಲ್ಲಿ ಎಸ್‌ಎಸ್‌ಪಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ ದುಡ್ಡು ಪಡೆದ ಕಥೆ

ಮೊನ್ನೆ ನನ್ನ ಖಾತೆಗೆ ವಿದ್ಯಾಸಿರಿಯ, ಅಂದರೆ ಹಾಸ್ಟೆಲ್ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಸ್ಕಾಲರ್‌ಶಿಪ್‌ನ, ದುಡ್ಡು ಜಮಾ ಆಯಿತು. ಮಳೆಗಾಲದಲ್ಲಿ ಶುರು ಮಾಡಿದ ಕೆಲಸ, ಬೇಸಿಗೆ ಕಾಲಿಟ್ಟ ಮೇಲೆ ಮುಗಿಯಿತು. ಈ ಓಡಾಟದಲ್ಲಿ ತಿಳಿದದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಯಾಕಂದರೆ ನಾನು ಪರದಾಡುವಾಗ ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ಯಾವ ತೊಂದರೆಗೆ ಯಾವ ಕಚೇರಿಗೆ ಹೋಗಬೇಕು ಅನ್ನುವುದೇ ಅರ್ಧ ಜನಕ್ಕೆ ಗೊತ್ತಿಲ್ಲ. ಅದು ಗೊತ್ತಾಗಿಬಿಟ್ಟರೆ ಓಡಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅಮ್ಮ ಕೂಲಿಗೆ ಹೋಗುತ್ತಾಳೆ. ನಮ್ಮ ಹಳ್ಳಿಯಿಂದ ಕಾಲೇಜು ದೂರ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಗೆಳತಿಯರ ಜೊತೆ ರೂಮು ಮಾಡಿದೆ. ಮೊದಲ ವರ್ಷ ಬಾಡಿಗೆ, ಊಟದ ಖರ್ಚನ್ನೆಲ್ಲ ಸೋದರಮಾವ ನೋಡಿಕೊಂಡರು. ಎರಡನೇ ವರ್ಷಕ್ಕೆ ಅವರ ಮಗಳೂ ಕಾಲೇಜು ಸೇರಿದಳು. ಮಾವ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಎರಡೂ ಕಡೆ ಅವರಿಂದ ಆಗುವುದಿಲ್ಲ ಅಂತ ನಮಗೆ ಗೊತ್ತಿತ್ತು. ಹಾಗಾಗಿ ಸ್ಕಾಲರ್‌ಶಿಪ್ ಬಂದರೆ ಓದು, ಇಲ್ಲದಿದ್ದರೆ ವರ್ಷದ ಮಧ್ಯೆಯೇ ಎಲ್ಲಾದರೂ ಕೆಲಸ ನೋಡಿಕೊಳ್ಳುವುದು ಅನ್ನುವ ಪರಿಸ್ಥಿತಿ.

ಮೊದಲಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: "ಫಸ್ಟ್ ಇಯರ್‌ನಲ್ಲಿ ಹಾಕಿಲ್ಲ ಅಂದ್ರೆ ಮುಗೀತು, ಇನ್ನು ಕೊಡಲ್ಲ." ಇದು ಸರಿಯಲ್ಲ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಪ್ರತಿ ವರ್ಷವೂ ಅರ್ಜಿ ಹಾಕಬೇಕು. ಹೋದ ವರ್ಷ ಹಾಕದವರು ಈ ವರ್ಷ ಹಾಕಬಹುದು. ನಮ್ಮ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಗುಮಾಸ್ತರನ್ನು ಕೇಳಿದಾಗಲೇ ನನಗೆ ಇದು ಖಚಿತವಾದದ್ದು. "ನೋಡಮ್ಮಾ, ಓದ್ತಾ ಇರೋವರೆಗೂ ಹಾಕಬಹುದು. ಹೋದ ವರ್ಷದ್ದು ಸಿಗಲ್ಲ, ಈ ವರ್ಷದ್ದು ಯಾಕೆ ಬಿಡ್ತೀಯ?" ಅಂದರು. ಆ ಒಂದು ಮಾತಿನಿಂದ ನನಗೆ ಹೋದ ಜೀವ ಬಂದ ಹಾಗಾಯಿತು.

ಈ ಗೊಂದಲ ಹುಟ್ಟಲು ಕಾರಣ ಇದೆ. ಕೆಲವು ಸ್ಕಾಲರ್‌ಶಿಪ್‌ಗಳಿಗೆ ನಿಜವಾಗಿಯೂ ಮೊದಲ ವರ್ಷವೇ ಸೇರಿಕೊಳ್ಳಬೇಕು. ಕೇಂದ್ರ ಸರ್ಕಾರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಸೆಂಟ್ರಲ್ ಸೆಕ್ಟರ್ ಸ್ಕೀಮ್ ಇದೆ. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಬಂದವರಿಗೆ, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದರೆ, ಡಿಗ್ರಿಯಲ್ಲಿ ವರ್ಷಕ್ಕೆ 12,000 ರೂಪಾಯಿ ಕೊಡುತ್ತಾರೆ. ಅದಕ್ಕೆ ಹೊಸ ಅರ್ಜಿ ಪಿಯುಸಿ ಮುಗಿಸಿ ಡಿಗ್ರಿ ಸೇರಿದ ವರ್ಷವೇ ಹಾಕಬೇಕು. ಆಮೇಲೆ ಬರೀ ನವೀಕರಣ. ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಇರಬೇಕು. ಆ ನವೀಕರಣವೂ ತಾನಾಗಿ ಆಗುವುದಿಲ್ಲ, ನಾವೇ ಲಾಗಿನ್ ಆಗಿ ಹಾಕಬೇಕು. ಅದನ್ನು ಪಡೆಯುತ್ತಿರುವವರು ಜೊತೆಗೆ ಇನ್ನೊಂದು ಸರ್ಕಾರಿ ಸ್ಕಾಲರ್‌ಶಿಪ್ ತೆಗೆದುಕೊಳ್ಳುವ ಹಾಗಿಲ್ಲ. ಈ ನಿಯಮಗಳನ್ನೆಲ್ಲ ಯಾರೋ ಎಸ್‌ಎಸ್‌ಪಿಗೂ ಸೇರಿಸಿ ಹೇಳುತ್ತಾರೆ, ಕೇಳಿದವರು ಸುಮ್ನೆ ಕೈಚೆಲ್ಲುತ್ತಾರೆ.

ಎಸ್‌ಎಸ್‌ಪಿಯಲ್ಲಿ ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಬೇರೆ ಬೇರೆ ಇಲಾಖೆಗಳ ಸ್ಕಾಲರ್‌ಶಿಪ್ ಒಂದೇ ಕಡೆ ಇವೆ. ನಮ್ಮ ಜಾತಿ, ಆದಾಯ, ಕೋರ್ಸು ತುಂಬಿದ ಮೇಲೆ ಯಾವ ಯೋಜನೆಗೆ ಅರ್ಹರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನಮ್ಮದು ಹಿಂದುಳಿದ ವರ್ಗಗಳ ಪ್ರವರ್ಗ-1, ನಾನು ಅರ್ಜಿ ಹಾಕಿದಾಗ ಆದಾಯ ಮಿತಿ 2.5 ಲಕ್ಷ ಇತ್ತು. ಹಾಸ್ಟೆಲ್ ಸೀಟು ಸಿಗದೆ ಹೊರಗೆ ಇದ್ದು ಓದುವವರಿಗೆ ವಿದ್ಯಾಸಿರಿ ಅಂತ ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ಕೊಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಅದೇ.

ಅರ್ಜಿ ತುಂಬಲು ಕೂತ ಮೊದಲ ದಿನವೇ ತಡೆ ಬಿತ್ತು. ಎಸ್‌ಎಸ್‌ಎಲ್‌ಸಿ ರಿಜಿಸ್ಟರ್ ನಂಬರ್ ಹಾಕಿದರೆ ಅಂಕಪಟ್ಟಿಯಲ್ಲಿರುವ ಹೆಸರು ಬರುತ್ತದೆ. ಅದು ಆಧಾರ್‌ನಲ್ಲಿರುವ ಹೆಸರಿಗೆ ಹೊಂದಬೇಕು. ನನ್ನದು ಹೊಂದಲಿಲ್ಲ. ನಾನು ಚಿಕ್ಕವಳಿದ್ದಾಗ ಊರಿನಲ್ಲಿ ನಡೆದ ಶಿಬಿರದಲ್ಲಿ ಆಧಾರ್ ಮಾಡಿದ್ದರು. ಅದರಲ್ಲಿ ಇನಿಶಿಯಲ್ ಇಲ್ಲ, ಹೆಸರಿನ ಮಧ್ಯದ ಇಂಗ್ಲಿಷ್ ಅಕ್ಷರವೊಂದು ಬೇರೆ. ಅಂಕಪಟ್ಟಿಯಲ್ಲಿ ಇನಿಶಿಯಲ್ ಇದೆ, ಅಕ್ಷರವೂ ಬೇರೆ. ಸಾಲದ್ದಕ್ಕೆ ಅಂಕಪಟ್ಟಿಯಲ್ಲಿರುವ ಅಪ್ಪನ ಹೆಸರಿಗೂ ಅಪ್ಪನ ಆಧಾರ್‌ನಲ್ಲಿರುವ ಹೆಸರಿಗೂ ತಾಳೆಯಿಲ್ಲ. ಅಲ್ಲಿ 'ಅಪ್ಪ' ಸೇರಿಸಿದ ಪೂರ್ತಿ ಹೆಸರು, ಇಲ್ಲಿ ಅರ್ಧ.

ಇಲ್ಲಿ ಒಂದು ಮುಖ್ಯ ವಿಷಯ. ಹೆಸರು ಹೊಂದದಿದ್ದರೆ ಯಾವುದನ್ನು ತಿದ್ದಿಸಬೇಕು ಅಂತ ಮೊದಲು ತೀರ್ಮಾನ ಮಾಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಸರಿಯಾಗಿದ್ದರೆ ಅದನ್ನು ಮುಟ್ಟಲು ಹೋಗಬೇಡಿ. ಪಿಯುಸಿ, ಡಿಗ್ರಿ ಎಲ್ಲವೂ ಅದರ ಮೇಲೆಯೇ ನಿಂತಿರುತ್ತವೆ. ಅದರ ತಿದ್ದುಪಡಿ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಬೋರ್ಡಿಗೆ ಹೋಗಬೇಕು, ದೊಡ್ಡ ಕೆಲಸ. ಆಧಾರ್ ತಿದ್ದುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ ಮಾತ್ರ ಬದಲಿಸಬಹುದು, ಹುಟ್ಟಿದ ದಿನಾಂಕವನ್ನು 1 ಸಲ. ಹಾಗಾಗಿ ಕಂಪ್ಯೂಟರ್ ಮುಂದೆ ಕೂತವರು ಟೈಪ್ ಮಾಡಿದ ಮೇಲೆ ಪರದೆ ತಿರುಗಿಸಿ ತೋರಿಸಿ ಅಂತ ಕೇಳಿ. ಒಂದೊಂದೇ ಅಕ್ಷರ ಅಂಕಪಟ್ಟಿ ಪಕ್ಕ ಇಟ್ಟು ಓದಿ. ಹಿಂದೆ ಕ್ಯೂ ಉದ್ದ ಇದೆ ಅಂತ ಮುಜುಗರ ಪಡಬೇಡಿ.

ಆಧಾರ್ ಕೇಂದ್ರಗಳು ಕೆಲವು ಬ್ಯಾಂಕ್ ಶಾಖೆಗಳಲ್ಲಿ, ಅಂಚೆ ಕಚೇರಿಗಳಲ್ಲಿ ಇವೆ. ನಾವು ಹೋದ ಕಡೆ ಬೆಳಗ್ಗೆಯೇ ಟೋಕನ್ ಕೊಟ್ಟು ಮುಗಿಸುತ್ತಿದ್ದರು. ಬಾಗಿಲು ತೆಗೆಯುವ ಮೊದಲೇ ಅಲ್ಲಿರಬೇಕು. ನನ್ನದು ಬೇಗ ಆಯಿತು. ಅಂಕಪಟ್ಟಿ ತೋರಿಸಿದೆ, ಮೊಬೈಲ್ ನಂಬರ್ ಕೂಡ ಹೊಸದು ಹಾಕಿಸಿದೆ. ಹಳೆಯದು ಯಾವಾಗಲೋ ಬಂದ್ ಆಗಿದ್ದ ನಂಬರ್. ಅದು ಬದಲಾಗದಿದ್ದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಮುಂದಿನ ಯಾವ ಹೆಜ್ಜೆಯೂ ಇಲ್ಲ. ಆಗ ಕಟ್ಟಿದ್ದು ತಲಾ 50 ರೂಪಾಯಿ.

ಅಪ್ಪನದು ಕಷ್ಟವಾಯಿತು. ತಿದ್ದುಪಡಿಗೆ ಬೆರಳಚ್ಚು ಕೊಡಬೇಕು. ಅಪ್ಪ ಬಲಗೈ ಹೆಬ್ಬೆರಳು ಒತ್ತಿದರು, ಯಂತ್ರ ಕೆಂಪು ದೀಪ ತೋರಿಸಿತು. ತೋರುಬೆರಳು ಒತ್ತಿದರು, ಅದೂ ಆಗಲಿಲ್ಲ. ಎಡಗೈಯದೂ ಅಷ್ಟೇ. ವರ್ಷಾನುಗಟ್ಟಲೆ ಮೂಟೆಗೆ ಕೊಕ್ಕೆ ಹಾಕಿ ಎತ್ತಿದ ಕೈ ಅದು. ಬೆರಳ ತುದಿ ದಡ್ಡುಗಟ್ಟಿ ನುಣ್ಣಗಾಗಿಬಿಟ್ಟಿದೆ, ಗೆರೆಗಳೇ ಇಲ್ಲ. ಅಲ್ಲಿದ್ದ ಹುಡುಗ ತಾಳ್ಮೆಯವನು. ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿಸಿದ. ಬೆರಳಿನ ಮೇಲೆ ತನ್ನ ಬೆರಳಿಟ್ಟು ಮೆಲ್ಲಗೆ ಅದುಮಿದ. ಆಗಲೂ ಇಲ್ಲ. ಅಪ್ಪ ನನ್ನ ಕಡೆ ತಿರುಗಿ, "ಏನವ್ವಾ, ನನ್ನ ಕೈಯೇ ನಂದಲ್ಲ ಅಂತದಲ್ಲಾ ಇದು" ಅಂದರು. ನನಗೆ ಗಂಟಲು ಕಟ್ಟಿತು. ಕೊನೆಗೆ ಆ ಹುಡುಗ ಕಣ್ಣಿನ ಸ್ಕ್ಯಾನರ್ ತೆಗೆದು ಅಪ್ಪನ ಮುಖಕ್ಕೆ ಹಿಡಿದ. ಒಂದೇ ಸಲಕ್ಕೆ ಹಸಿರು ದೀಪ ಬಂತು.

ನಿಮ್ಮ ಮನೆಯಲ್ಲೂ ಗಾರೆ ಕೆಲಸದವರು, ಹೊಲದಲ್ಲಿ ದುಡಿಯುವವರು, ವಯಸ್ಸಾದವರು ಇದ್ದರೆ ಮೊದಲೇ "ಬೆರಳು ಬರದಿದ್ದರೆ ಕಣ್ಣಿನದು ತೆಗೆದುಕೊಳ್ಳಿ" ಅಂತ ಕೇಳಿ. ಬೆರಳು ಬರಲಿಲ್ಲ ಅಂತ ವಾಪಸ್ ಬರಬೇಡಿ.

ಇನ್ನೊಂದು ಮಾತು. ಶಕ್ತಿ ಯೋಜನೆ ಇರುವುದರಿಂದ ನನಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಕಚೇರಿಗಳ ಶುಲ್ಕವೂ ಹೆಚ್ಚಿಲ್ಲ. ನಿಜವಾದ ಖರ್ಚು ಅಂದರೆ ಅಪ್ಪನ ಕೂಲಿ. ಮಾರುಕಟ್ಟೆಗೆ ಮಾಲು ಬರುವ ದಿನ ಅಪ್ಪ ನನ್ನ ಜೊತೆ ಕಚೇರಿಗೆ ಬಂದರೆ ಆ ದಿನದ ದುಡಿಮೆ ಹೋಯಿತು. ಹಾಗಾಗಿ ಅಪ್ಪ ಅಮ್ಮನ ಕೈಯಿಂದ ಆಗಬೇಕಾದ ಕೆಲಸಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿ ಒಂದೇ ದಿನ ಮುಗಿಸಲು ನೋಡಿ. ಆಧಾರ್ ತಿದ್ದುಪಡಿ, ಮೊಬೈಲ್ ನಂಬರ್, ಆದಾಯ ಪ್ರಮಾಣಪತ್ರಕ್ಕೆ ಬೇಕಾದ ಸಹಿ, ಇವಿಷ್ಟೇ ಅವರು ಖುದ್ದಾಗಿ ಬೇಕಾಗುವುದು. ಉಳಿದದ್ದನ್ನು ನಾವೇ ಓಡಾಡಿ ಮಾಡಿಕೊಳ್ಳಬಹುದು.

ಆಧಾರ್ ಬದಲಾಗುವವರೆಗೆ ಕಾಯುವುದಿದೆಯಲ್ಲ, ಅದು ಜೀವ ತಿನ್ನುವ ಕೆಲಸ. ರಸೀದಿಯಲ್ಲಿರುವ ನಂಬರ್ ಹಾಕಿ ದಿನಾ ಬೆಳಗ್ಗೆ ನೋಡುತ್ತಿದ್ದೆ. ಅತ್ತ ಕ್ಲಾಸಿನಲ್ಲಿ ಎಲ್ಲರೂ ಅರ್ಜಿ ಹಾಕಿ ಮುಗಿಸಿದ್ದರು. ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು. "ಬಿಡೇ, ಡೇಟ್ ಮುಂದಕ್ಕೆ ಹಾಕ್ತಾರೆ" ಅಂತ ಗೆಳತಿಯರು ಸಮಾಧಾನ ಹೇಳಿದರು. ಎಸ್‌ಎಸ್‌ಪಿಯಲ್ಲಿ ದಿನಾಂಕ ಮುಂದೆ ಹಾಕಿರುವುದುಂಟು. ಈ ವರ್ಷವೂ ಮುಂದೆ ಹೋಯಿತು, ನನಗೆ ಅನುಕೂಲವಾಯಿತು. ಆದರೆ ಅದನ್ನೇ ನಂಬಿ ಕೂರಬೇಡಿ. ಅಡ್ಮಿಷನ್ ಆದ ವಾರವೇ ಹೆಸರುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿಬಿಡಿ. ಅರ್ಜಿ ತೆರೆಯುವವರೆಗೆ ಯಾಕೆ ಕಾಯಬೇಕು?

ಹೆಸರು ಸರಿಯಾಯಿತು ಅನ್ನುವಷ್ಟರಲ್ಲಿ ಮುಂದಿನದು: ಜಾತಿ ಮತ್ತು ಆದಾಯ ಪ್ರಮಾಣಪತ್ರ. ಎಸ್‌ಎಸ್‌ಪಿಯಲ್ಲಿ ಈ ಪ್ರಮಾಣಪತ್ರಗಳ ಮೇಲಿರುವ, ಆರ್‌ಡಿಯಿಂದ ಶುರುವಾಗುವ ನಂಬರ್ ಹಾಕಿದರೆ ಅದರಲ್ಲಿರುವ ಹೆಸರು, ಆದಾಯ ಎಲ್ಲ ತಾನಾಗಿ ಬರುತ್ತದೆ. ನನ್ನ ಜಾತಿ ಪ್ರಮಾಣಪತ್ರ ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು. ಪ್ರವರ್ಗ-1ರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ತೊಂದರೆ ಇಲ್ಲ. ಆದರೆ ಅದರಲ್ಲಿ ಇದ್ದದ್ದು ಆಧಾರ್‌ನ ಹಳೆಯ ಹೆಸರು! ಆಧಾರ್ ತಿದ್ದಿಸಿದ ಮೇಲೆ ಅದು ಹೊಂದಲಿಲ್ಲ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ, ಅದೂ ಮುಗಿದಿತ್ತು. ಎರಡನ್ನೂ ಹೊಸದಾಗಿ ಮಾಡಿಸಬೇಕಾಯಿತು.

ಇದಕ್ಕೇ ನಾನು ಎಲ್ಲರಿಗೂ ಹೇಳುವುದು, ಆಧಾರ್ ಮೊದಲು, ಪ್ರಮಾಣಪತ್ರ ಆಮೇಲೆ, ಬ್ಯಾಂಕ್ ಅದರ ಆಮೇಲೆ. ಈ ಸಾಲು ತಪ್ಪಿದರೆ ಮಾಡಿಸಿದ್ದನ್ನೇ ಮತ್ತೆ ಮಾಡಿಸಬೇಕಾಗುತ್ತದೆ. ನನ್ನ ರೂಮ್‌ಮೇಟ್ ಒಬ್ಬಳಿಗೆ ಸೈಬರ್ ಸೆಂಟರ್‌ನವರು ಮೊದಲು ಆದಾಯ ಪ್ರಮಾಣಪತ್ರ ಮಾಡಿಸು ಅಂದಿದ್ದರು. ಮಾಡಿಸಿದಳು. ಆಮೇಲೆ ಆಧಾರ್‌ನಲ್ಲಿ ಹೆಸರು ತಿದ್ದಿಸಿದಳು. ಬಿಸಿಬಿಸಿ ಪ್ರಮಾಣಪತ್ರ ಕೆಲಸಕ್ಕೆ ಬಾರದೆ ಹೋಯಿತು.

ನಾಡಕಚೇರಿಯಲ್ಲಿ ಒಂದೊಂದು ಅರ್ಜಿಗೆ 40 ರೂಪಾಯಿ ಕಟ್ಟಿದೆ. ರೇಷನ್ ಕಾರ್ಡ್, ನನ್ನ ಮತ್ತು ಅಪ್ಪನ ಆಧಾರ್ ಪ್ರತಿ, ಅಂಕಪಟ್ಟಿ ಪ್ರತಿ, ಅಪ್ಪನ ಹಳೆಯ ಜಾತಿ ಪ್ರಮಾಣಪತ್ರ ಕೊಟ್ಟೆ. ಎರಡೂ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ. ಅರ್ಜಿ ಕೊಟ್ಟ ಮೇಲೆ ಗ್ರಾಮ ಆಡಳಿತ ಅಧಿಕಾರಿಯ ವರದಿ ಆಗಬೇಕು. ನಮ್ಮೂರಲ್ಲಿ ಎಲ್ಲರೂ ಅವರನ್ನು ಇವತ್ತಿಗೂ ವಿಎ ಅಂತಲೇ ಕರೆಯುವುದು. ಅವರ ಕೈಯಲ್ಲಿ ನಾಲ್ಕಾರು ಹಳ್ಳಿ, ಇವತ್ತು ಇಲ್ಲಿ, ನಾಳೆ ಅಲ್ಲಿ. ಕಚೇರಿಗೆ ಹೋದರೆ ಕುರ್ಚಿ ಖಾಲಿ. ನಾನು ಊರಿನವರನ್ನು ಕೇಳಿ ಅವರು ಯಾವ ದಿನ ನಮ್ಮ ಪಂಚಾಯಿತಿಗೆ ಬರುತ್ತಾರೆ ಅಂತ ತಿಳಿದುಕೊಂಡೆ. ಆ ದಿನ ಅಮ್ಮನೂ ನಾನೂ ಹೋಗಿ ಕೂತೆವು.

ಅವರು ಕೇಳಿದ ಪ್ರಶ್ನೆ: "ಹಮಾಲಿ ಅಂದ್ರೆ ದಿನಕ್ಕೆ ಎಷ್ಟು ಬರುತ್ತೆ?" ಇದಕ್ಕೆ ನೇರ ಉತ್ತರ ಇಲ್ಲ. ಸುಗ್ಗಿಯಲ್ಲಿ ಜಾಸ್ತಿ, ಬೇರೆ ದಿನ ಖಾಲಿ. ಸಂಬಳದ ಚೀಟಿ ಇಲ್ಲ. ಅಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಎಷ್ಟು ತಿಂಗಳು ಕೆಲಸ, ಎಷ್ಟು ತಿಂಗಳು ಸಾಲ ಅಂತ. ಅಕ್ಕಪಕ್ಕದವರ ಹೇಳಿಕೆ ತೆಗೆದುಕೊಂಡರು. ಕೂಲಿ ಮಾಡುವ ಮನೆಯವರು ಈ ಪ್ರಶ್ನೆಗೆ ಮೊದಲೇ ಮನೆಯಲ್ಲಿ ಲೆಕ್ಕ ಹಾಕಿಕೊಂಡು ಹೋಗಿ. ತಡವರಿಸಿದರೆ ಸುಳ್ಳು ಹೇಳುತ್ತಿದ್ದೀರಿ ಅನ್ನುವ ಹಾಗೆ ಕಾಣುತ್ತದೆ. ಅದು ನೋವಾಗುತ್ತದೆ. ಇನ್ನು ಅರ್ಜಿಗೆ ಕೊಡುವ ರಸೀದಿಯನ್ನು ಜೋಪಾನ ಮಾಡಿ. ಆ ನಂಬರ್ ಇದ್ದರೆ ಅರ್ಜಿ ಯಾರ ಹತ್ತಿರ ನಿಂತಿದೆ ಅಂತ ಆನ್‌ಲೈನ್‌ನಲ್ಲೇ ಕಾಣುತ್ತದೆ. ಸಕಾಲ ಕಾಯ್ದೆಯ ಕೆಳಗೆ ಈ ಸೇವೆಗಳಿಗೆ ಕಾಲಮಿತಿ ಇದೆ. ನಂಬರ್ ಹಿಡಿದು ಕೇಳಿದಾಗ ಸಿಗುವ ಉತ್ತರ, ಬರಿಗೈಯಲ್ಲಿ ಹೋಗಿ ಕೇಳಿದಾಗ ಸಿಗುವುದಿಲ್ಲ.

ಪ್ರಮಾಣಪತ್ರ ಬಂದ ಮೇಲೆ ಕಾಲೇಜಿನ ಕೆಲಸ. ಎಸ್‌ಎಸ್‌ಪಿಯಲ್ಲಿ ಇ-ದೃಢೀಕರಣ ಅಂತ ಒಂದಿದೆ. ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿ ಇವನ್ನು ಸ್ಕ್ಯಾನ್ ಮಾಡಿ ಹಾಕಬೇಕು. ಕಾಲೇಜಿನಲ್ಲಿ ಇದಕ್ಕೆ ಅಂತ ಒಬ್ಬ ಅಧಿಕಾರಿ ಇರುತ್ತಾರೆ, ಸಾಮಾನ್ಯವಾಗಿ ಒಬ್ಬ ಉಪನ್ಯಾಸಕರು. ಅವರ ಹತ್ತಿರ ಮೂಲ ದಾಖಲೆಗಳನ್ನು ತೆಗೆದುಕೊಂಡು ಹೋಗಬೇಕು. ಅವರು ನೋಡಿ ಒಪ್ಪಿಗೆ ಕೊಟ್ಟ ಮೇಲೆ ಒಂದೊಂದು ದಾಖಲೆಗೂ ಒಂದು ಐಡಿ ಬರುತ್ತದೆ. ಆ ಐಡಿಗಳನ್ನು ಅರ್ಜಿಯಲ್ಲಿ ತುಂಬಬೇಕು. ಬಹಳ ಜನ ಅರ್ಜಿ ಅರ್ಧ ತುಂಬಿ ಇಲ್ಲಿ ನಿಂತುಬಿಡುತ್ತಾರೆ. ಅರ್ಜಿ ಶುರು ಮಾಡುವ ಮೊದಲೇ ಇದನ್ನು ಮುಗಿಸಿ.

ನನ್ನ ಸರದಿ ಬಂದಾಗ ಪರೀಕ್ಷೆ ಶುರುವಾಗಿತ್ತು. ಸರ್ ಪರೀಕ್ಷಾ ಡ್ಯೂಟಿಯಲ್ಲಿ. ಮಧ್ಯಾಹ್ನ ಪೇಪರ್ ಮುಗಿದ ಮೇಲೆ ಸ್ಟಾಫ್ ರೂಮಿನ ಹೊರಗೆ ಉದ್ದ ಸಾಲು. ಸೈಬರ್ ಸೆಂಟರ್‌ನಲ್ಲಿ ಮಾಡಿಕೊಟ್ಟ ಅಂಕಪಟ್ಟಿಯ ಸ್ಕ್ಯಾನ್ ಮಸುಕಾಗಿದೆ ಅಂತ ಒಂದು ಸಲ ವಾಪಸ್ ಬಂತು. ಆಮೇಲೆ ರೂಮಿನ ಕಿಟಕಿ ಪಕ್ಕ ಬೆಳಕಿನಲ್ಲಿ ಇಟ್ಟು ಮೊಬೈಲ್‌ನ ಸ್ಕ್ಯಾನರ್ ಆ್ಯಪ್‌ನಲ್ಲೇ ತೆಗೆದೆ, ಅದು ಚೆನ್ನಾಗಿ ಬಂತು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸಲು ಕೆಲವು ಕಡೆ 300 ಕೇಳಿದರು, ಕೆಲವು ಕಡೆ 200. ನಾನು ಅರ್ಜಿಯನ್ನು ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ನಾನೇ ತುಂಬಿದೆ. ಕಷ್ಟವೇನಿಲ್ಲ. ಹೊರಗೆ ತುಂಬಿಸಿದರೂ ಎಸ್‌ಎಸ್‌ಪಿ ಐಡಿ, ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ತಿರ ಬರೆದಿಟ್ಟುಕೊಳ್ಳಿ, ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಅಂಗಡಿಯವರ ನಂಬರ್ ಕೊಟ್ಟು ಮುಂದಿನ ವರ್ಷ ಲಾಗಿನ್ ಆಗಲಾರದೆ ಒದ್ದಾಡುವವರನ್ನು ನಮ್ಮ ಕ್ಲಾಸಿನಲ್ಲೇ ನೋಡಿದ್ದೇನೆ.

ಇಲ್ಲಿ ಹೊಲ ಇರುವ ಮನೆಯವರಿಗೆ ಒಂದು ವಿಷಯ. ರೈತ ವಿದ್ಯಾನಿಧಿ ಅಂತ 2021ರಲ್ಲಿ ಒಂದು ಯೋಜನೆ ಶುರು ಮಾಡಿದ್ದರು. ಬಿ.ಎ., ಬಿ.ಎಸ್‌ಸಿ., ಬಿ.ಕಾಂ.ನಂಥ ಡಿಗ್ರಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ನಿಗದಿ ಮಾಡಿದ್ದರು. ಇದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಜಮೀನು ಇದ್ದು, ರೈತರ ವಿವರ ಇಡುವ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಇರಬೇಕಿತ್ತು. ಎಫ್‌ಐಡಿ ಇಲ್ಲದವರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಿ. ನಮಗೆ ಹೊಲ ಇಲ್ಲ, ಹಾಗಾಗಿ ನನ್ನ ಅನುಭವ ಇಷ್ಟಕ್ಕೇ ನಿಲ್ಲುತ್ತದೆ.

ಅರ್ಜಿ ಸಲ್ಲಿಸಿದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಇನ್ನೇನು ಮುಗಿಯಿತು ಅಂದುಕೊಂಡಿದ್ದೆವು. ಕೆಲವು ವಾರ ಪರಿಶೀಲನೆಯಲ್ಲಿದೆ ಅಂತ ತೋರಿಸಿತು. ಆಮೇಲೆ ಮಂಜೂರಾಗಿದೆ ಅಂತ ಬಂತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಮನೆ ಮಾಲೀಕರಿಗೂ ಈ ತಿಂಗಳು ಬಾಕಿ ಎಲ್ಲ ಕೊಡುತ್ತೇನೆ ಅಂದೆ. ಗೆಳತಿಯರಿಗೆ ಒಬ್ಬೊಬ್ಬರಿಗೇ ದುಡ್ಡು ಬಂತು. ನನಗೆ ಬರಲಿಲ್ಲ.

ಇಡೀ ಓಡಾಟದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಈ ಹಂತ. ಯಾಕಂದರೆ ಎಲ್ಲ ಸರಿ ಇದೆ ಅಂತ ಎಲ್ಲ ಕಡೆ ಹೇಳುತ್ತಿದ್ದರು. ಕಾಲೇಜಿನಲ್ಲಿ ಅರ್ಜಿ ಸರಿ ಇದೆ ಅಂದರು. ತಾಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿದ್ದ ಮೇಡಂ ಕಂಪ್ಯೂಟರ್ ನೋಡಿ, "ದುಡ್ಡು ಕಳಿಸಿದೆ, ವಾಪಸ್ ಬಂದಿದೆ. ಬ್ಯಾಂಕ್‌ನಲ್ಲಿ ಆಧಾರ್ ನೋಡಿಸು" ಅಂದರು. ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿ ಪಾಸ್‌ಬುಕ್ ತೆಗೆದುಕೊಂಡು ನೋಡಿ, "ಆಧಾರ್ ಲಿಂಕ್ ಇದೆ ಅಲ್ವಾ, ಮತ್ತೇನು?" ಅಂದರು. ಒಬ್ಬರು ಇಲ್ಲ ಅನ್ನುತ್ತಾರೆ, ಒಬ್ಬರು ಇದೆ ಅನ್ನುತ್ತಾರೆ. ನಾನು ಯಾರನ್ನು ನಂಬಬೇಕು?

ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬ್ಯಾಂಕಿನಲ್ಲಿ ಆಧಾರ್ ಕೊಟ್ಟು ಕೆವೈಸಿ, ಅಂದರೆ ಗುರುತಿನ ದಾಖಲೆ, ಮಾಡಿಸುವುದು ಒಂದು. ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆಯಲ್ಲಿ, ಆಧಾರ್‌ಗೆ ಬ್ಯಾಂಕ್ ಜೋಡಿಸುವ ಮ್ಯಾಪಿಂಗ್ ಅನ್ನುವುದು ಇನ್ನೊಂದು. ಸರ್ಕಾರದ ದುಡ್ಡು ನಮ್ಮ ಆಧಾರ್ ನಂಬರ್ ನೋಡಿ ಬರುತ್ತದೆ, ಪಾಸ್‌ಬುಕ್ಕಿನ ನಂಬರ್ ನೋಡಿ ಅಲ್ಲ. ಒಂದು ಆಧಾರ್ ನಂಬರ್‌ಗೆ ಎನ್‌ಪಿಸಿಐನಲ್ಲಿ ಒಂದೇ ಬ್ಯಾಂಕ್ ಜೋಡಣೆಯಾಗಿರುತ್ತದೆ. ಹತ್ತು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದರೂ ದುಡ್ಡು ಹೋಗುವುದು ಆ ಒಂದಕ್ಕೇ.

ನನ್ನದು ಯಾವ ಬ್ಯಾಂಕಿಗೆ ಜೋಡಣೆಯಾಗಿತ್ತು? ಪ್ರೈಮರಿ ಶಾಲೆಯಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ಮೇಷ್ಟ್ರು ಎಲ್ಲ ಮಕ್ಕಳಿಗೂ ಖಾತೆ ಮಾಡಿಸಿದ್ದರು. ಆ ಖಾತೆಗೆ! ಅದರ ಪಾಸ್‌ಬುಕ್ ಕೂಡ ಮನೆಯಲ್ಲಿ ಇರಲಿಲ್ಲ. 2 ವರ್ಷ ವ್ಯವಹಾರ ಮಾಡದಿದ್ದರೆ ಖಾತೆಯನ್ನು ಬ್ಯಾಂಕ್ ನಿಷ್ಕ್ರಿಯ ಅಂತ ಇಡುತ್ತದೆ. ನನ್ನದು ಎಂದೋ ಹಾಗಾಗಿತ್ತು. ದುಡ್ಡು ಅಲ್ಲಿಗೆ ಹೋಗಿ ವಾಪಸ್ ಬಂದಿದೆ.

ಇದನ್ನು ನಾವೇ ನೋಡಿಕೊಳ್ಳಬಹುದು. ಮೈ ಆಧಾರ್ ವೆಬ್‌ಸೈಟಿಗೆ ಒಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಯಾವ ಬ್ಯಾಂಕ್, ಜೋಡಣೆ ಚಾಲ್ತಿಯಲ್ಲಿದೆಯೋ ಇಲ್ಲವೋ ಅನ್ನುವುದನ್ನು ತೋರಿಸುತ್ತದೆ. ಡಿಬಿಟಿ ಕರ್ನಾಟಕ ಅನ್ನುವ ರಾಜ್ಯ ಸರ್ಕಾರದ ಆ್ಯಪ್ ಕೂಡ ಇದೆ (ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ನಮ್ಮ ಖಾತೆಗೆ ಬರುವುದು). ಅದರಲ್ಲಿ ಯಾವ ಯೋಜನೆಯ ದುಡ್ಡು ಯಾವಾಗ ಯಾವ ಖಾತೆಗೆ ಬಂತು ಅಂತಲೂ ಕಾಣುತ್ತದೆ. ಅರ್ಜಿ ಹಾಕುವ ಮೊದಲೇ ಇದನ್ನು ನೋಡಿಬಿಡಿ.

ನನ್ನ ಮುಂದೆ ಎರಡು ದಾರಿ ಇದ್ದವು. ಹಳೆಯ ಖಾತೆಯನ್ನು ಮತ್ತೆ ಜೀವಂತ ಮಾಡಿಸುವುದು, ಇಲ್ಲವೇ ಜೋಡಣೆಯನ್ನು ಈಗಿನ ಖಾತೆಗೆ ಬದಲಿಸುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡಿ" ಅಂದರೆ ಮತ್ತೆ ಅದೇ ಉತ್ತರ ಸಿಗುತ್ತದೆ. ಹಾಗಾಗಿ, "ಎನ್‌ಪಿಸಿಐನಲ್ಲಿ ನನ್ನ ಆಧಾರ್ ಬೇರೆ ಬ್ಯಾಂಕಿಗಿದೆ, ಡಿಬಿಟಿಗೆ ನಿಮ್ಮ ಬ್ಯಾಂಕಿಗೆ ಬದಲಿಸಿಕೊಡಿ" ಅಂತ ಹೇಳಿ, ಮೊಬೈಲಿನಲ್ಲಿ ಸ್ಟೇಟಸ್ ತೆಗೆದು ತೋರಿಸಿದೆ. ಆಗ ಒಪ್ಪಿಗೆ ಪತ್ರದ ಫಾರಂ ಕೊಟ್ಟರು. ಹಿಂದಿನ ಬ್ಯಾಂಕಿನ ಹೆಸರನ್ನೂ ಅದರಲ್ಲಿ ಬರೆಯಬೇಕು. ಫಾರಂ ಕೊಟ್ಟ ಮೇಲೂ ತಕ್ಷಣ ಬದಲಾಗಲಿಲ್ಲ. ಮತ್ತೆ ಹೋಗಿ ನೆನಪಿಸಿದೆ. ಅವತ್ತು ಮ್ಯಾನೇಜರ್ ಅವರನ್ನೇ ಕಂಡು, ಮನೆ ಬಾಡಿಗೆ ನಿಂತಿದೆ ಸರ್ ಅಂತ ಹೇಳಿದೆ. ಹೇಳುವಾಗ ಅಳು ಬಂತು. ಅವರು ಅಲ್ಲೇ ಕೂರಿಸಿ ಮಾಡಿಸಿದರು.

ಬ್ಯಾಂಕಿನಲ್ಲಿ ತೀರಾ ಸತಾಯಿಸಿದರೆ ಇನ್ನೊಂದು ದಾರಿ ಇದೆ. ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅದಕ್ಕೇ ಆಧಾರ್ ಜೋಡಣೆ ಮಾಡಿಸಿಕೊಳ್ಳಬಹುದು. ಪೋಸ್ಟ್‌ಮನ್ ಹತ್ತಿರವೇ ಕೇಳಿದರೆ ಆಗುತ್ತದೆ. ನಮ್ಮ ರೂಮಿನ ಇನ್ನೊಬ್ಬಳು ಹಾಗೆ ಮಾಡಿಸಿಕೊಂಡು ಪಾರಾದಳು.

ಜೋಡಣೆ ಬದಲಾದ ಮೇಲೆ ತಾಲೂಕು ಕಚೇರಿಯ ಆ ಮೇಡಂಗೆ ಹೋಗಿ ಹೇಳಿ ಬಂದೆ. ಅವರು ನನ್ನ ಎಸ್‌ಎಸ್‌ಪಿ ಐಡಿ ಬರೆದುಕೊಂಡರು. ವಾಪಸ್ ಬಂದ ದುಡ್ಡನ್ನು ಮತ್ತೆ ಕಳಿಸುವಾಗ ನನ್ನದೂ ಸೇರಿತು. ಮೆಸೇಜ್ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಬೆಂಚಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಎರಡೆರಡು ಸಲ ಓದಿದೆ. ಸಂಜೆಯೇ ಬಾಡಿಗೆ ಬಾಕಿ ಕೊಟ್ಟೆ. ಕ್ಯಾಂಟೀನ್ ನಡೆಸುವ ಅಕ್ಕನಿಗೆ ಕೊಡಬೇಕಾದ್ದು ಕೊಟ್ಟೆ. ಮಾವನಿಗೆ ಫೋನ್ ಮಾಡಿದೆ. ಅವರಿಗೆ ನನಗಿಂತ ಜಾಸ್ತಿ ಖುಷಿಯಾಯಿತು. ಅವರ ಮಗಳದು ಬೇರೆ ಕಾಲೇಜು, ಅವಳ ದಾಖಲೆಗಳ ಫೋಟೋ ಎಲ್ಲ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ನೋಡಿದೆ. ಅವಳದೂ ಬ್ಯಾಂಕ್ ಜೋಡಣೆ ಹಳೆಯ ಖಾತೆಗೇ ಇತ್ತು. ಅದನ್ನು ಈ ವಾರ ಬದಲಿಸಿದ್ದಾಳೆ.

ಮೂರನೇ ವರ್ಷಕ್ಕೂ ನಾನು ಮತ್ತೆ ಅರ್ಜಿ ಹಾಕಬೇಕು. ಹೆಸರು, ಜಾತಿ, ಆದಾಯದ ಕೆಲಸ ಇನ್ನಿಲ್ಲ. ಬೇಕಾಗುವುದು ಎರಡನೇ ವರ್ಷದ ಅಂಕಪಟ್ಟಿ, ಹೊಸ ಶುಲ್ಕದ ರಸೀದಿ, ಹೊಸ ವ್ಯಾಸಂಗ ಪ್ರಮಾಣಪತ್ರ, ಅವುಗಳ ಇ-ದೃಢೀಕರಣ. ಎಲ್ಲ ದಾಖಲೆ, ರಸೀದಿ, ಐಡಿ ನಂಬರ್‌ಗಳನ್ನು ಒಂದು ಫೈಲಿಗೆ ಹಾಕಿ ಅದರ ಮೇಲೆ ಎಸ್‌ಎಸ್‌ಪಿ ಐಡಿ ಬರೆದಿದ್ದೇನೆ. ಖಾತೆಯಲ್ಲಿ ತಿಂಗಳಿಗೊಮ್ಮೆಯಾದರೂ ಏನಾದರೂ ವ್ಯವಹಾರ ಮಾಡುತ್ತಿದ್ದೇನೆ, ಮತ್ತೆ ನಿಷ್ಕ್ರಿಯ ಆಗಬಾರದಲ್ಲ. ಅರ್ಜಿ ತೆರೆದ ಮೊದಲ ವಾರವೇ ಹಾಕಿ ಮುಗಿಸುತ್ತೇನೆ. ಯಾರಿಗಾದರೂ ಇದರಲ್ಲಿ ಯಾವುದೇ ಹಂತದಲ್ಲಿ ಸಿಕ್ಕಿಹಾಕಿಕೊಂಡಂತಾದರೆ ಕೇಳಿ, ನನಗೆ ತಿಳಿದಷ್ಟು ಖಂಡಿತ ಹೇಳುತ್ತೇನೆ.